ಐನ್‌ಮನೆಯ ಹಳೆಯ ಕೋವಿಯನ್ನು ಹೊಸದು ಮಾಡುವ ಮುನ್ನ

ಮಾನ್ಯ ಸಂಪಾದಕರೇ,

ಕೈಲ್ ಮುಹೂರ್ತ ಹತ್ತಿರ ಬರುತ್ತಿದೆ. ನಾಟಿ ಮುಗಿಸಿ ಗದ್ದೆಯಿಂದ ಮೇಲೆ ಬಂದವರು ಮನೆಯ ಕೋವಿ, ಓಡಿಕತ್ತಿ, ಪೀಚೆಕತ್ತಿಗಳನ್ನು ಒರೆಸಿ, ಗಂಧ ಹಚ್ಚಿ, ಹೂವಿಟ್ಟು ಪೂಜಿಸುವ ಹಬ್ಬವಾದ್ದರಿಂದ, ಆಗಸ್ಟ್ ತಿಂಗಳು ಬಂತೆಂದರೆ ಕೊಡಗಿನ ಮನೆಗಳಲ್ಲಿ ಹಳೆಯ ಕೋವಿಗಳ ರಿಪೇರಿಯ ಮಾತು ತಾನಾಗಿಯೇ ಏಳುತ್ತದೆ. ಮನೆತನದ ಮೂಲಮನೆಯಾದ ನಮ್ಮ ಐನ್‌ಮನೆಯಲ್ಲೂ ಎದ್ದಿದೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಹಾನಿಗೊಂಡ ಒಂದು ಹಳೆಯ ಸೇನಾ ರೈಫಲನ್ನು ಮೊದಲಿನಂತೆ ಮಾಡಿಸಬೇಕೇ, ಅಥವಾ ಇದ್ದ ಸ್ಥಿತಿಯಲ್ಲೇ ಉಳಿಸಿಕೊಳ್ಳಬೇಕೇ ಎಂಬುದು ಪ್ರಶ್ನೆ. ಇದು ಒಂದು ಒಕ್ಕದ, ಅಂದರೆ ಮನೆತನದ, ಒಳಗಿನ ಮಾತು ಎಂದು ಸುಮ್ಮನಿರಬಹುದಿತ್ತು. ಆದರೆ ಆ ವರ್ಷದ ಮಳೆಯಲ್ಲಿ ಮನೆ ಕಳೆದುಕೊಂಡ, ಗೋಡೆ ಬಿದ್ದ, ಕೆಸರು ನುಗ್ಗಿದ ಎಷ್ಟೋ ಮನೆಗಳಲ್ಲಿ ಇಂಥ ಕೋವಿಗಳು ಗೋಣಿಚೀಲದಲ್ಲಿ ಸುತ್ತಿಟ್ಟಂತೆಯೇ ಇವೆ. ಅವುಗಳಲ್ಲಿ ಕೆಲವು ಈಗಾಗಲೇ ಬಫಿಂಗ್ ಚಕ್ರಕ್ಕೆ ಸಿಕ್ಕಿ ಮಿನುಗುತ್ತಿರುವುದನ್ನು ಕಂಡು ಸಂಕಟವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಈ ಒಕ್ಕಕ್ಕೆ ಸೊಸೆಯಾಗಿ ಬಂದಾಗ ನೆಲ್ಲಕ್ಕಿ ಬಾಡೆಯ, ಅಂದರೆ ನಡುಮನೆಯ, ಗೋಡೆಯಲ್ಲಿ ಈ ಕೋವಿ ತೂಗುತ್ತಿತ್ತು. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಅದು. ಬಾಯಿಂದ ಮದ್ದು, ಗುಂಡು ತುಂಬಿ, ಗಜ ಎಂಬ ಸರಳಿನಿಂದ ಜಡಿದು, ಕಿಡಿ ಹೊತ್ತಿಸುವ ಕೇಪು ಇಟ್ಟು ಹಾರಿಸುವಂಥದ್ದು. ಒಟ್ಟು ಉದ್ದ 55 ಇಂಚು, ನಳಿಗೆಯೊಂದೇ 39 ಇಂಚು, ತೂಕ ನಾಲ್ಕು ಕಿಲೋಗಿಂತ ಸ್ವಲ್ಪ ಹೆಚ್ಚು. ನಳಿಗೆಯನ್ನು ವಾಲ್‌ನಟ್ ಮರದ ದಿಮ್ಮಿಗೆ ಬಿಗಿಯಲು ಮೂರು ಬಳೆಗಳು. 1857ರಲ್ಲಿ ಕೊಬ್ಬು ಸವರಿದ ತೋಟಾಗಳ ವಿಚಾರದಲ್ಲಿ ಸಿಪಾಯಿಗಳು ತಿರುಗಿಬಿದ್ದಾಗ ಅವರ ಕೈಗೆ ಕೊಡಲು ಹೊರಟಿದ್ದ ಕೋವಿ ಇದೇ ಮಾದರಿಯದು.

ಮನೆಯ ಹಿಂದಿನ ಗುಡ್ಡದ ಬರೆ ಕುಸಿದ ರಾತ್ರಿ ಆ ಗೋಡೆ ಬಿತ್ತು. ಒಂಬತ್ತು ದಿನಗಳ ಮೇಲೆ ಕೆಸರಿನಿಂದ ಎತ್ತಿದಾಗ ಹಿಡಿಯ ಕತ್ತಿನಲ್ಲಿ, ಅಂದರೆ ಕೈ ಸುತ್ತಿ ಹಿಡಿಯುವ ಸಣ್ಣ ಭಾಗದಲ್ಲಿ, ಮರ ಓರೆಯಾಗಿ ಸೀಳಿತ್ತು. ಕೇಪಿನ ಮೇಲೆ ಬಡಿಯುವ ಕುದುರೆ ಅಲುಗಾಡುತ್ತಿರಲಿಲ್ಲ. ಗಜ ಬಾಗಿತ್ತು. ಆಗ ಮನುಷ್ಯರ ಬದುಕೇ ದಿಕ್ಕಾಪಾಲಾಗಿದ್ದುದರಿಂದ ಕೋವಿಯ ಕಡೆ ಗಮನ ಕೊಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಒರೆಸಿ, ತೆಂಗಿನೆಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಇಟ್ಟೆವು. ಅದು ತಪ್ಪಾಗಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲಿನಂತೆ ಮಾಡಿಸೋಣ ಎನ್ನುವವನು ನನ್ನ ಭಾವನ ಮಗ. ಅವನ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಬಿದ್ದ ಮನೆಯನ್ನು ಎತ್ತಿ ಕಟ್ಟಲು ಬೆಂಗಳೂರಿನಿಂದ ವಾರವಾರ ಬಂದು ನಿಂತವನು ಅವನೇ. ಮನೆ ಎದ್ದು ನಿಂತ ಮೇಲೆ ಅದರ ಕೋವಿಯೂ ಎದ್ದು ನಿಲ್ಲಬೇಕು, ಹೊಸ ಮರದ ಹಿಡಿ ಹಾಕಿಸಿ, ನಳಿಗೆಗೆ ಹೊಸ ಕಪ್ಪು ಕೊಡಿಸಿ, ಹುತ್ತರಿಯಂದು ಕದಿರು ತೆಗೆಯುವ ಮುನ್ನ ಹಾರಿಸುವ ಈಡು ಇದರಿಂದಲೇ ಆಗಬೇಕು ಎಂಬುದು ಅವನ ಆಸೆ. "ಕುಂಞಮ್ಮಾ, ಒಡೆದದ್ದನ್ನು ಒಡೆದಂತೆಯೇ ಇಟ್ಟುಕೊಂಡರೆ ಆ ರಾತ್ರಿಯನ್ನೇ ಗೋಡೆಗೆ ನೇತುಹಾಕಿದಂತಲ್ಲವೇ" ಎಂದು ಅವನು ಕೇಳಿದಾಗ ತಕ್ಷಣ ಉತ್ತರ ಕೊಡಲು ನನಗಾಗಲಿಲ್ಲ.

ಉತ್ತರ ನೆನಪಾದದ್ದು ನನ್ನ ತವರಿನ ಕೋವಿಯನ್ನು ನೆನೆದಾಗ. ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಅದೇ ಕಾಲದ ಒಂದು ಕೇಪಿನ ಕೋವಿಯನ್ನು ಹೊಳಪು ಕೊಡುವವರೊಬ್ಬರ ಕೈಗೆ ಒಪ್ಪಿಸಿದ್ದ. ಮೂರೇ ದಿನದಲ್ಲಿ ಅದು ಸ್ಟೀಲ್ ಲೋಟದಂತೆ ಬೆಳ್ಳಗೆ ಮಿನುಗುತ್ತ ಮನೆಗೆ ಬಂತು. ನಾನು ಚಿಕ್ಕಂದಿನಲ್ಲಿ ಕುದುರೆಯ ಕೆಳಗಿನ ಉಕ್ಕಿನ ಫಲಕದ ಮೇಲೆ ಬೆರಳಾಡಿಸಿ ಓದುತ್ತಿದ್ದ ಕಿರೀಟ, ಅದರಡಿಯ ಅಕ್ಷರಗಳು, ಇಸವಿ, ಎಲ್ಲವೂ ಇದ್ದ ಜಾಗದಲ್ಲಿ ಈಗ ನನ್ನ ಮುಖ ಕಾಣುತ್ತಿತ್ತು. ಇಸವಿಯ ಕೊನೆಯ ಅಂಕೆಯ ಬಾಲ ಮಾತ್ರ ಓರೆ ಬೆಳಕಿನಲ್ಲಿ ಹಿಡಿದರೆ ತೋರುತ್ತದೆ. ಮೊಳೆಗಳ ತಲೆಗಳು ಸವೆದು ಸಪಾಟಾಗಿದ್ದವು. ಮರವನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ, ಉಕ್ಕು ಮರದಿಂದ ಒಂದು ಕೂದಲೆಳೆ ಮೇಲೆದ್ದು ನಿಂತಿತ್ತು. ಕೆಲಸ ಮಾಡಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ನನ್ನ ತಮ್ಮ ಕೇಳಿದ್ದನ್ನೇ ಅವರು ಮಾಡಿಕೊಟ್ಟರು. ಕೇಳಿದ್ದೇ ತಪ್ಪು. ತೆಗೆದುಹಾಕಿದ ಉಕ್ಕನ್ನು ತಂದು ಮತ್ತೆ ಅಂಟಿಸಲು ಯಾರಿಂದಲೂ ಆಗುವುದಿಲ್ಲ.

ಹಾಗಾಗಿ ನಮ್ಮ ಒಕ್ಕದ ಹಿರಿಯರು, ಅಂದರೆ ಪಟ್ಟೆದಾರರು, ಆದ ಭಾವನವರಲ್ಲಿ ನಾನು ಒಂದು ಮಾತು ಬೇಡಿಕೊಂಡೆ. ತೀರ್ಮಾನ ಆಮೇಲೆ ಆಗಲಿ, ಮೊದಲು ಕೋವಿಯನ್ನು ಸರಿಯಾಗಿ ನೋಡೋಣ ಎಂದು. ಅವರು ಒಪ್ಪಿದರು.

ನೋಡುವ ಕೆಲಸದ ಮೊದಲ ಹೆಜ್ಜೆಯಲ್ಲೇ ನಮ್ಮ ಎದೆ ನಡುಗಿತು. ಬಾಯಿಂದ ತುಂಬುವ ಯಾವ ಹಳೆಯ ಕೋವಿಯನ್ನೇ ಮುಟ್ಟುವುದಿದ್ದರೂ ಮೊದಲು ಅದರೊಳಗೆ ಈಡು, ಅಂದರೆ ತುಂಬಿದ ಮದ್ದುಗುಂಡು, ಇದೆಯೇ ಎಂದು ಪರೀಕ್ಷಿಸಬೇಕು. ಪರೀಕ್ಷೆ ಸುಲಭ. ಕೋವಿಯ ಬಾಯಿ ಯಾರ ಕಡೆಗೂ ತಿರುಗದಂತೆ ಮಲಗಿಸಿ, ಬದಿಯಲ್ಲಿ ನಿಂತು, ನೇರವಾದ ತೆಳ್ಳಗಿನ ಮರದ ಕೋಲೊಂದನ್ನು ಮೆಲ್ಲಗೆ ತಡೆಯುವವರೆಗೆ ಒಳಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡುವುದು. ಕೋಲಿನ ತುದಿ ಕೇಪು ಕೂರಿಸುವ ಮೊಳೆಯ ಹತ್ತಿರದವರೆಗೆ ಬರಬೇಕು. ನಮ್ಮದರಲ್ಲಿ ಅದು ಮೂರು ಇಂಚು ಮೊದಲೇ ನಿಂತಿತ್ತು. ಕೆಸರು ಕಟ್ಟಿರಬೇಕು ಎಂದ ನನ್ನ ಭಾವನ ಮಗ. ಇರಬಹುದು, ಆದರೆ ಅದನ್ನು ಕೆದಕಿ ನೋಡುವ ಧೈರ್ಯ ಯಾರೂ ಮಾಡಬಾರದು ಎಂದೆ. ಠಾಣೆಗೆ ತಿಳಿಸಿ, ಪರವಾನಗಿ ಉಳ್ಳ ಕೋವಿ ರಿಪೇರಿಯವರನ್ನು ಕರೆಸಿದೆವು. ಅವರು ಕೇಪಿನ ಮೊಳೆಯ ರಂಧ್ರದಿಂದಲೂ ಬಾಯಿಂದಲೂ ನೀರು ಬಿಟ್ಟು ನೆನೆಸಿಟ್ಟು, ಮರುದಿನ ತಿರುಪಿನ ಕೊಕ್ಕೆಯಿಂದ ಎಳೆದಾಗ ಮೊದಲು ಕೆಸರು, ಅದರ ಹಿಂದೆ ಒತ್ತಾಗಿ ಕುಳಿತ ತೆಂಗಿನ ನಾರು, ಅದರ ಹಿಂದೆ ಚರೆ, ಮತ್ತೆ ನಾರು, ಕೊನೆಗೆ ಕಪ್ಪು ಮುದ್ದೆಯಾದ ಮದ್ದು ಬಂತು. ನನ್ನ ಮಾವನವರ ಕಾಲದ ನಂತರ ಆ ಕೋವಿಯನ್ನು ಯಾರೂ ಹಾರಿಸಿಲ್ಲ. ಅಂದರೆ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ, ಮಕ್ಕಳು ಆಡುವ ಬಾಡೆಯಲ್ಲಿ, ಈಡು ತುಂಬಿದ ಕೋವಿ ಗೋಡೆಯಲ್ಲಿತ್ತು.

ಇದು ನಮ್ಮ ಮನೆಯ ವಿಚಿತ್ರವಲ್ಲ. ತುಂಬಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣದಿರುವುದು ಈ ಜಾತಿಯ ಕೋವಿಗಳ ಗುಣ. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಕಡೆಯವರು ಈ ಎನ್‌ಫೀಲ್ಡ್‌ಗಳನ್ನು ಬಳಸಿದ್ದರು. 1863ರಲ್ಲಿ ಗೆಟ್ಟಿಸ್‌ಬರ್ಗ್ ಕದನ ಮುಗಿದ ಮೇಲೆ ರಣರಂಗದಲ್ಲಿ ಆಯ್ದ 27 ಸಾವಿರಕ್ಕೂ ಮೀರಿದ ಕೋವಿಗಳಲ್ಲಿ ಸುಮಾರು 24 ಸಾವಿರ ತುಂಬಿದ ಸ್ಥಿತಿಯಲ್ಲೇ ಇದ್ದವು, ಅನೇಕವುಗಳಲ್ಲಿ ಒಂದರ ಮೇಲೊಂದು ಈಡು ಕುಳಿತಿತ್ತು. ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಹತ್ತಿಕೊಳ್ಳಬಲ್ಲದು. ಆದ್ದರಿಂದ ಹಬ್ಬಕ್ಕೆಂದು ಕೋವಿ ಇಳಿಸುವ ಓದುಗರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ: ಕೇಪಿನ ಕೋವಿಯ ನಳಿಗೆಯನ್ನು ಬಿಸಿಮಾಡಬೇಡಿ, ಬೆಸುಗೆಗೆ ಒಡ್ಡಬೇಡಿ, ಕುದುರೆ ಬಿಡಿಸಲು ಸುತ್ತಿಗೆಯಿಂದ ಬಡಿಯಬೇಡಿ. ಮೊದಲು ಕೋಲಿನ ಪರೀಕ್ಷೆ ಆಗಲಿ, ಸಂಶಯ ಬಂದರೆ ಪರವಾನಗಿ ಉಳ್ಳವರೇ ಮುಂದಿನದನ್ನು ನೋಡಲಿ.

ಈಡು ತೆಗೆದ ಮೇಲೆ ನಿಶ್ಚಿಂತೆಯಿಂದ ಕುಳಿತು ನೋಡಿದೆವು. ನಾನು ಉಪಯೋಗಿಸಿದ್ದು ಹತ್ತಿ, ತೆಳುವಾದ ಮೆಷಿನ್ ಎಣ್ಣೆ, ಮತ್ತು ಚೂಪು ಮಾಡಿದ ಬಿದಿರಿನ ಕಡ್ಡಿ, ಇಷ್ಟೇ. ನಾಲ್ಕು ಮಧ್ಯಾಹ್ನ ಹಿಡಿಯಿತು. ಫಲಕದ ಮೇಲೆ ಒಣಗಿದ ಕೆಸರಿನ ಕೆಳಗಿಂದ ಕಿರೀಟ, ವಿಕ್ಟೋರಿಯಾ ರಾಣಿಯ ಹೆಸರಿನ ಅಕ್ಷರಗಳು, 1860, ಅದರ ಕೆಳಗೆ ಟವರ್ ಎಂಬ ಪದ ಒಂದೊಂದಾಗಿ ತೋರಿದವು. ಎನ್‌ಫೀಲ್ಡ್‌ನ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದವುಗಳ ಮೇಲೆ ಆ ಊರಿನ ಹೆಸರೇ ಇರುತ್ತದೆ, ಟವರ್ ಎಂದಿರುವವು ಬರ್ಮಿಂಗ್‌ಹ್ಯಾಮ್, ಲಂಡನ್‌ಗಳ ಕಸುಬುದಾರರು ಗುತ್ತಿಗೆಯ ಮೇಲೆ ಮಾಡಿಕೊಟ್ಟವು. ಈ ವ್ಯತ್ಯಾಸ ಕೇವಲ ಹೆಸರಿನದಲ್ಲ. 1858ರಿಂದ ಸರ್ಕಾರಿ ಕಾರ್ಖಾನೆಯ ಕೋವಿಗಳ ಭಾಗಗಳು ಯಂತ್ರದಲ್ಲಿ ಒಂದೇ ಅಳತೆಗೆ ತಯಾರಾಗುತ್ತಿದ್ದುದರಿಂದ ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ, ಗುತ್ತಿಗೆಯವುಗಳಲ್ಲಿ ಪ್ರತಿಯೊಂದನ್ನೂ ಕೈಯಿಂದ ಅರೆದು ಕೂರಿಸಿರುವುದರಿಂದ ಹಾಗೆ ಕೂರುವುದಿಲ್ಲ. ಇಟಲಿಯಲ್ಲಿ ಇಂದಿಗೂ ಈ ಮಾದರಿಯ ಹೊಸ ಕೋವಿಗಳು ತಯಾರಾಗುತ್ತಿವೆ, ಅಲ್ಲಿಂದ ಬಿಡಿಭಾಗ ತರಿಸೋಣ ಎಂಬ ಯೋಚನೆ ನಮ್ಮ ಹುಡುಗನಿಗಿತ್ತು. ತರಿಸಿದರೂ ಅದನ್ನು ಕೂರಿಸಲು ಹಳೆಯ ಉಕ್ಕನ್ನು ಅರದಿಂದ ತಿನ್ನಿಸಲೇಬೇಕಾಗುತ್ತಿತ್ತು.

ಇನ್ನೊಂದು ಗುರುತು ಸಿಕ್ಕಿತು. ನಳಿಗೆಯ ಬುಡದಲ್ಲಿ, ಅಕ್ಕಿಕಾಳಿನಷ್ಟು ಗಾತ್ರದಲ್ಲಿ, ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿವೆ. ಅಗಲ ಮೊನೆಯ ಒಂದೇ ಬಾಣವಿದ್ದರೆ ಅದು ಬ್ರಿಟಿಷ್ ಸರ್ಕಾರದ ಆಸ್ತಿ ಎಂಬುದರ ಮುದ್ರೆ. ಎರಡು ಬಾಣಗಳು ಎದುರುಬದುರಾಗಿದ್ದರೆ ಸೇನೆ ಅದನ್ನು ಸೇವೆಯಿಂದ ತೆಗೆದು ಮಾರಿತು ಎಂದರ್ಥ. 1866ರಲ್ಲಿ ಹಿಂಬದಿಯಿಂದ ತೋಟಾ ತುಂಬುವ ಸ್ನೈಡರ್ ಕೋವಿಗಳು ಬಂದ ಮೇಲೆ ಬಾಯಿಂದ ತುಂಬುವ ಎನ್‌ಫೀಲ್ಡ್‌ಗಳು ಸೇನೆಗೆ ಬೇಡವಾದವು.

ನಮ್ಮ ಒಕ್ಕದಲ್ಲಿ ತಲೆತಲಾಂತರದಿಂದ ಹೇಳುತ್ತ ಬಂದ ಕಥೆಯೇ ಬೇರೆ. 1837ರ ಕಾಟಕಾಯಿಯ ಕಾಲದಲ್ಲಿ ನಮ್ಮ ಹಿರಿಯರೊಬ್ಬರ ಪರಾಕ್ರಮಕ್ಕೆ ಮೆಚ್ಚಿ ಬಿಳಿಯ ಅಧಿಕಾರಿಯೊಬ್ಬ ತನ್ನ ಹೆಗಲ ಕೋವಿಯನ್ನೇ ಇಳಿಸಿ ಕೊಟ್ಟನಂತೆ. ಅಮರಸುಳ್ಯದ ರೈತರು ಬ್ರಿಟಿಷರ ವಿರುದ್ಧ ಎದ್ದ ಆ ದಂಗೆಯಲ್ಲಿ ಯಾರ ಕಡೆ ನಿಂತದ್ದಕ್ಕೆ ಈ ಬಹುಮಾನ ಎಂಬ ಪ್ರಶ್ನೆಯನ್ನು ಕಥೆ ಹೇಳುವವರು ಎಂದೂ ಎತ್ತುತ್ತಿರಲಿಲ್ಲ. 1860ರಲ್ಲಿ ಹುಟ್ಟಿದ ಕೋವಿಯನ್ನು 1837ರಲ್ಲಿ ಯಾರೂ ಕೊಟ್ಟಿರಲು ಸಾಧ್ಯವಿಲ್ಲ. ಭಾವನವರು ಭೂತಗನ್ನಡಿಯಲ್ಲಿ ಇಸವಿಯನ್ನು ಎರಡು ಸಲ ನೋಡಿ, ಕನ್ನಡಕ ತೆಗೆದಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, "ಹಾಗಾದರೆ ದುಡ್ಡು ಕೊಟ್ಟು ತಂದದ್ದು" ಎಂದರು. ನನಗೆ ಆ ಮಾತಿನಲ್ಲಿ ಕುಂದೇನೂ ಕಾಣಲಿಲ್ಲ. ಯಾವುದೋ ವರ್ಷದ ಏಲಕ್ಕಿ ಫಸಲಿನ ಹಣವನ್ನು ಕಟ್ಟಿಕೊಂಡು ಹೋಗಿ ಈ ಕೋವಿ ಹೊತ್ತು ತಂದ ಅಜ್ಜನೊಬ್ಬನನ್ನು ನಾನು ಮನಸ್ಸಿನಲ್ಲಿ ಕಾಣಬಲ್ಲೆ. ಅವನು ಕಥೆಯ ವೀರನಿಗಿಂತ ನನಗೆ ಹತ್ತಿರದವನು. ಅಕ್ಕಿಕಾಳಿನಷ್ಟು ಆ ಮುದ್ರೆ ಬಫಿಂಗ್ ಚಕ್ರದಡಿ ಅರ್ಧ ನಿಮಿಷವೂ ಉಳಿಯುತ್ತಿರಲಿಲ್ಲ.

ನಳಿಗೆಯ ಒಳಗೂ ಸಾಕ್ಷ್ಯವಿದೆ. ಸಣ್ಣ ಟಾರ್ಚ್ ಬಿಟ್ಟು ನೋಡಿದರೆ ತುಕ್ಕಿನ ನಡುವೆ ಮೂರು ತಿರುವುಗೆರೆಗಳು ನಿಧಾನವಾಗಿ ಸುತ್ತಿಕೊಂಡು ಒಳಗೆ ಹೋಗುತ್ತವೆ. 1857ರ ಅನುಭವದ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ತಿರುವುಗೆರೆಯಿಲ್ಲದ, ದೂರಕ್ಕೆ ಗುರಿ ತಪ್ಪುವ ನುಣುಪು ನಳಿಗೆಯ ಕೋವಿಗಳನ್ನೇ ಕೊಡುತ್ತ ಬಂದರು. ಹಾಗಾಗಿ ಕೊಡಗಿನ ಯಾವ ಮನೆಯ ಕೋವಿಯಲ್ಲಿ ಗೆರೆಗಳಿವೆ, ಯಾವುದರಲ್ಲಿಲ್ಲ ಎಂಬುದು ಇತಿಹಾಸ ಬರೆಯುವವರಿಗೆ ಬೇಕಾದ ಸಂಗತಿ. ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿ ನಳಿಗೆಯನ್ನು ಕೆರೆಸುವವರು ದಯವಿಟ್ಟು ಇದನ್ನು ನೆನಪಿಡಬೇಕು.

ಈಗ ನನ್ನ ಭಾವನ ಮಗನ ಪ್ರಶ್ನೆಗೆ ಬರುತ್ತೇನೆ. ಮೊದಲಿನಂತೆ ಮಾಡಿಸಬೇಕು ಎಂದರೆ ಯಾವ ಮೊದಲು? ಕೋವಿಯ ಬಾಯಿಯ ಹತ್ತಿರದ ಬಳೆ ಇಂಗ್ಲೆಂಡಿನದಲ್ಲ. ಉಳಿದ ಎರಡು ಬಳೆಗಳು ಕಬ್ಬಿಣದವು, ಇದು ಮಾತ್ರ ಹಿತ್ತಾಳೆಯದು. ಸುತ್ತಿಗೆಯ ಸಣ್ಣ ಸಣ್ಣ ಏಟುಗಳು ಮೀನಿನ ಪೊರೆಯಂತೆ ಅದರ ಮೇಲೆ ಈಗಲೂ ಎಣಿಸುವ ಹಾಗಿವೆ. ನಮ್ಮ ಊರಿನ ಕಮ್ಮಾರಿಕೆಯ ಐರಿ ಕುಟುಂಬದ ಹಿರಿಯರೊಬ್ಬರು, ಮೂಲ ಬಳೆ ಕಳೆದುಹೋದಾಗ, ಒಡೆದ ಪಾತ್ರೆಯ ಹಿತ್ತಾಳೆಯನ್ನು ಬಡಿದು ಮಾಡಿಕೊಟ್ಟದ್ದು ಎಂದು ನನ್ನ ಅತ್ತೆ ಹೇಳುತ್ತಿದ್ದರು. 1860ರ ಬರ್ಮಿಂಗ್‌ಹ್ಯಾಮ್‌ಗೆ ಕೋವಿಯನ್ನು ಹಿಂತಿರುಗಿಸಬೇಕಾದರೆ ಆ ಬಳೆಯನ್ನು ಕಿತ್ತು ಎಸೆಯಬೇಕು. ಹಾಗೆ ಎಸೆದರೆ ಈ ಊರಿನ ಕೈಯೊಂದು ಈ ಕೋವಿಯಲ್ಲಿ ಇತ್ತು ಎಂಬುದಕ್ಕೆ ಏನೂ ಉಳಿಯುವುದಿಲ್ಲ. ಹಿಡಿಯ ಎಡಬದಿಯಲ್ಲಿ ಎಣ್ಣೆ, ಬೆವರು, ಕೆನ್ನೆ ತಾಗಿ ತಾಗಿ ಕಪ್ಪಾದ ಒಂದು ಅಂಗೈಯಷ್ಟು ಜಾಗವಿದೆ. ಹೊಸ ಹಿಡಿ ಹಾಕಿಸಿದರೆ ಅದೂ ಹೋಗುತ್ತದೆ. ಸೀಳಿದ ಕತ್ತಿನ ವಿಷಯ ಬೇರೆ. ಅದನ್ನು ಜೋಡಿಸದೆ ಬಿಟ್ಟರೆ ಎತ್ತುವಾಗ ತುಂಡಾಗಿ ಇನ್ನಷ್ಟು ಹಾನಿಯಾಗಬಹುದು. ಅದನ್ನು ಅಂಟಿಸಲೇಬೇಕು, ಆದರೆ ಮುಂದೆ ಬಿಡಿಸಲು ಬರುವ ಅಂಟಿನಿಂದ. ಎಪಾಕ್ಸಿ ಸುರಿದು, ಮೇಲೆ ವಾರ್ನಿಷ್ ಬಳಿದು, ಸೀಳೇ ಇರಲಿಲ್ಲವೆಂಬಂತೆ ಮಾಡಬಾರದು.

ಹಾರಿಸುವ ಮಾತನ್ನು ನಾನು ಒಪ್ಪುವುದೇ ಇಲ್ಲ, ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಕರಿಮದ್ದಿನ ಹೊಗೆಯ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ಒಳಗಿಂದ ತಿನ್ನುತ್ತದೆ. ಈಡು ಕುಳಿತಿದ್ದ ಜಾಗದಲ್ಲೇ ನಳಿಗೆಯ ಒಳಮೈ ಹೆಚ್ಚು ಗುಳಿಬಿದ್ದಿದೆ, ಸಿಡಿದಾಗ ಅತಿ ಹೆಚ್ಚು ಒತ್ತಡ ತಾಳಬೇಕಾದದ್ದೂ ಅದೇ ಜಾಗ. ಬುಡದ ಮುಚ್ಚಳದ ತಿರುಪಿನೊಳಗೆ ಎಷ್ಟು ತುಕ್ಕು ಹೊಕ್ಕಿದೆ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಹೊರಗೆ ಎಷ್ಟು ಮಿನುಗಿಸಿದರೂ ಒಳಗಿನ ಕಬ್ಬಿಣಕ್ಕೆ ಬಲ ಬರುವುದಿಲ್ಲ, ಬದಲಿಗೆ ಮಿನುಗನ್ನು ನಂಬಿ ಯಾರಾದರೊಬ್ಬ ಹುಡುಗ ಮದ್ದು ತುಂಬುವ ಅಪಾಯ ಹೆಚ್ಚುತ್ತದೆ. ಹುತ್ತರಿಯ ಈಡಿಗೆ ಮನೆಯಲ್ಲಿ ಸುಸ್ಥಿತಿಯಲ್ಲಿರುವ ಜೋಡುನಳಿಗೆ ಕೋವಿ ಇದೆ, ಅದು ಸಾಕು.

ಕಾನೂನಿನ ಕಡೆಯಿಂದಲೂ ಯೋಚಿಸಬೇಕಾದದ್ದಿದೆ. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರು ನಿರಾಯುಧೀಕರಣದ ಕಾಯ್ದೆ ಕೊಡಗಿನವರಿಗೆ ಅನ್ವಯಿಸುವುದಿಲ್ಲವೆಂದು ಪ್ರಕಟಿಸಿದಂದಿನಿಂದ ನಮಗೆ ವಿನಾಯಿತಿ ಇದೆ. ಕೊಡವರಿಗೆ ಹಾಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಆದರೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬೇರೆ, ಕೋವಿ ರಿಪೇರಿ ಮಾಡುವ ಅನುಮತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿಯ ಕಸುಬು ನಡೆಸುವವರಿಗೆ ಪರವಾನಗಿ ಬೇಕು, ವರ್ಕ್‌ಶಾಪಿನಲ್ಲಿ ಬೈಕು, ಪಂಪು ಸರಿಮಾಡುವವರ ಕೈಗೆ ಕೊಡುವಂತಿಲ್ಲ. ಅದೇ ಕಾಯ್ದೆಯ 45ನೇ ಸೆಕ್ಷನ್ನು, ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದಂತಿದ್ದರೆ ಮಾತ್ರ ಅದನ್ನು ಕಾಯ್ದೆಯ ಹೊರಗಿಡುತ್ತದೆ. ರಿಪೇರಿಯಿಂದ ಹಾರುವಂತಾಗುವುದಿದ್ದರೆ ಅದು ಒಳಗೇ ಬಂತು. ನಿಮ್ಮ ಮನೆಯ ಕೋವಿ ಯಾವ ಕಡೆಗೆ ಸೇರುತ್ತದೆ ಎಂಬುದನ್ನು ಕೆಲಸಕ್ಕೆ ಕೈಹಾಕುವ ಮೊದಲು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿಯುವುದು ಒಳ್ಳೆಯದು. ನೂರು ವರ್ಷ ಮೀರಿದ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುವುದರಿಂದ, ಹೊರದೇಶದಲ್ಲಿರುವ ಮಕ್ಕಳು ಅಲ್ಲಿನ ಮನೆಯ ಗೋಡೆಗೆಂದು ಇವನ್ನು ಕೊಂಡೊಯ್ಯುವಂತೆಯೂ ಇಲ್ಲ.

ತುಕ್ಕಿನ ವಿಷಯದಲ್ಲಿ ನನ್ನ ಪಾಠದ ಅನುಭವ ಸ್ವಲ್ಪ ನೆರವಾಯಿತು. ತುಕ್ಕೆಲ್ಲ ಒಂದೇ ಅಲ್ಲ. ಗಟ್ಟಿಯಾಗಿ ಅಂಟಿಕೊಂಡ ಕಂದು ಅಥವಾ ಕಪ್ಪು ಪೊರೆ ಹಳೆಯದು, ಬಹುಮಟ್ಟಿಗೆ ನೆಮ್ಮದಿಯಲ್ಲಿರುವಂಥದ್ದು. ಆ ಕಾಲದಲ್ಲಿ ನಳಿಗೆಗೆ ಬಣ್ಣ ಬರಿಸುತ್ತಿದ್ದುದೇ ಹದವಾಗಿ ತುಕ್ಕು ಹಿಡಿಸಿ ನಿಲ್ಲಿಸುವ ಮೂಲಕ. ಬೆರಳಿಗೆ ಅರಿಶಿನದಂತೆ ಅಂಟುವ ಕಿತ್ತಳೆ ಬಣ್ಣದ ಪುಡಿ ಹೊಸದು, ತಿನ್ನುತ್ತಲೇ ಇರುವಂಥದ್ದು. ನಿಲ್ಲಿಸಬೇಕಾದದ್ದು ಎರಡನೆಯದನ್ನು. ನಮ್ಮ ಕೋವಿಯಲ್ಲಿ ಪ್ರತಿ ಮಳೆಗಾಲಕ್ಕೂ ಅದು ಹೊಸದಾಗಿ ಮೊಳೆಯುತ್ತಿದ್ದುದಕ್ಕೆ ಕಾರಣ ನಾವೇ. ಗೋಣಿ ತೇವವನ್ನು ಹಿಡಿದಿಟ್ಟುಕೊಂಡಿತ್ತು. ತೆಂಗಿನೆಣ್ಣೆ ಕಮಟಿ ಆಮ್ಲವಾಗಿ, ಹಿತ್ತಾಳೆಯ ಸುತ್ತ ಹಸಿರು ಕಿಲುಬು ಕಟ್ಟಿ, ಕುದುರೆಯ ಸಂದಿಯಲ್ಲಿ ಅಂಟಿನಂತೆ ಹೆಪ್ಪುಗಟ್ಟಿತ್ತು. ದೀಪ ತಿಕ್ಕುವಂತೆ ಹುಣಸೆಹಣ್ಣಿನಿಂದ ಹಿತ್ತಾಳೆ ತಿಕ್ಕುವ ರೂಢಿಯೂ ಇದೆ. ಆ ಹುಳಿ ಮರದೊಳಗೂ ಕಬ್ಬಿಣಕ್ಕೂ ಇಳಿಯುತ್ತದೆ, ಬೇಡ. ಚರ್ಮದ ಚೀಲದೊಳಗೆ ವರ್ಷವಿಡೀ ಇಡುವುದೂ ಬೇಡ.

ಈಗ ನಾವು ಮಾಡಿರುವುದು ಇಷ್ಟು. ಕಿತ್ತಳೆ ಪುಡಿಯನ್ನು ಎಣ್ಣೆ ಮತ್ತು ಮೆತ್ತನೆಯ ಹಿತ್ತಾಳೆ ಎಳೆಗಳಿಂದ ನಿಧಾನವಾಗಿ ಎತ್ತಿ, ಕಂದು ಪೊರೆಯನ್ನು ಹಾಗೆಯೇ ಬಿಟ್ಟು, ಕಬ್ಬಿಣದ ಮೇಲೆ ತೆಳುವಾಗಿ ಮೇಣ ಹಚ್ಚಿದ್ದೇವೆ. ಗಾಳಿಯಾಡದ ಉದ್ದನೆಯ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟಿದ್ದೇವೆ. ನೀಲಿ ಹರಳುಗಳು ಗುಲಾಬಿಯಾದಾಗ ತೇವ ಹೀರಿ ತುಂಬಿವೆ ಎಂದರ್ಥ, ಬಿಸಿಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತವೆ. ಜುಲೈ ತಿಂಗಳಲ್ಲಿ ಐದು ಸಲ ಒಣಗಿಸಬೇಕಾಯಿತು, ನಮ್ಮ ಮಳೆ ಎಂಥದ್ದೆಂದು ಓದುಗರಿಗೆ ಗೊತ್ತೇ ಇದೆ. ಕುದುರೆಯನ್ನು ಬಿಡಿಸುವ ಕೆಲಸ ಮತ್ತು ಕತ್ತಿನ ಸೀಳು, ಇವೆರಡಕ್ಕೆ ಮಾತ್ರ ನಾನು ಕೈಹಾಕಿಲ್ಲ. ಅದಕ್ಕೆ ಪಳಗಿದ ಕೈ ಬೇಕು.

ಆ ಪಳಗಿದ ಕೈ ಎಲ್ಲಿದೆ ಎಂಬುದೇ ಈ ಪತ್ರದ ಮುಖ್ಯ ಅಹವಾಲು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ, ಮಡಿಕೇರಿಯಿಂದ ಮೂರು ಗಂಟೆಯ ದಾರಿ. ಮಡಿಕೇರಿ ಕೋಟೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳಿವೆ, 2021ರಿಂದ ಸನ್ನಿ ಸೈಡ್ ಎಂಬ ಮನೆಯಲ್ಲಿ ಜನರಲ್ ತಿಮ್ಮಯ್ಯ ಸ್ಮಾರಕ ಸಂಗ್ರಹಾಲಯವೂ ಇದೆ. 2018ರಲ್ಲಿಯೇ ಹೊಸನಗರ ತಾಲ್ಲೂಕಿನ ನಗರದಲ್ಲಿ ಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರದಷ್ಟು ಕಬ್ಬಿಣದ ರಾಕೆಟ್‌ಗಳು ಸಿಕ್ಕಿದಾಗ ನಮ್ಮ ಪುರಾತತ್ತ್ವ ಇಲಾಖೆ ಅವನ್ನು ಎತ್ತಿ ಜೋಪಾನ ಮಾಡಿತು. ಅದೇ ವರ್ಷ ಅದೇ ಮಳೆಗಾಲದಲ್ಲಿ ಕೊಡಗಿನ ಕೆಸರಿನಿಂದ ಎದ್ದ ಕಬ್ಬಿಣದ ಬಗ್ಗೆ ಯಾರೂ ವಿಚಾರಿಸಲಿಲ್ಲ, ಏಕೆಂದರೆ ಅದು ಮನೆಗಳ ಒಳಗಿತ್ತು. ಕೋವಿಗಳನ್ನು ಸರ್ಕಾರಕ್ಕೆ ಒಪ್ಪಿಸಿ ಎಂದರೆ ಯಾರೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಸೇರಿದ ಕೋವಿಗೆ ಒಕ್ಕದ ಮೂಲಪುರುಷರಾದ ಗುರುಕಾರೋಣರ ಮುಂದೆ ನಿಲ್ಲುವ ಕೆಲಸ ಇರುವುದಿಲ್ಲ.

ಇಲಾಖೆಯವರು ವರ್ಷಕ್ಕೆ ಒಂದು ಸಲ, ಕೈಲ್ ಮುಹೂರ್ತಕ್ಕೆ ಮುಂಚಿನ ವಾರಗಳಲ್ಲಿ, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ಎರಡೆರಡು ದಿನ ಸಂರಕ್ಷಣಾ ಶಿಬಿರ ನಡೆಸಲಿ ಎಂದು ನಾನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಮೈಸೂರಿನಿಂದ ಲೋಹ ಮತ್ತು ಮರದ ತಜ್ಞರಿಬ್ಬರು, ಪರವಾನಗಿ ಉಳ್ಳ ಕೋವಿ ಕಸುಬುದಾರರೊಬ್ಬರು, ಠಾಣೆಯ ಒಬ್ಬ ಸಿಬ್ಬಂದಿ, ಒಬ್ಬ ಛಾಯಾಗ್ರಾಹಕ ಇದ್ದರೆ ಸಾಕು. ತುಂಬಿದ ಕೋವಿಗಳ ಈಡು ತೆಗೆಯುವ ಕೆಲಸವೊಂದು ನಡೆದರೂ ಒಂದೆರಡು ಜೀವ ಉಳಿದೀತು. ಪ್ರತಿ ಕೋವಿಯ ಮುದ್ರೆ, ಇಸವಿ, ಊರಿನವರು ಮಾಡಿದ ಹಳೆಯ ರಿಪೇರಿಗಳ ಚಿತ್ರ ತೆಗೆದು ಮನೆಯವರಿಗೊಂದು ಪ್ರತಿ ಕೊಟ್ಟರೆ ಕೊಡಗಿಗೆ ಯಾವ ಕಾಲದಲ್ಲಿ ಎಂಥ ಕೋವಿಗಳು ಬಂದವೆಂಬ ದಾಖಲೆ ತಾನಾಗಿ ಬೆಳೆಯುತ್ತದೆ. ಮನೆಯ ಹೆಸರು ಬಹಿರಂಗವಾಗಬಾರದು, ಕಳ್ಳರಿಗೆ ಅದು ಪಟ್ಟಿಯಾಗಬಾರದು ಎಂಬ ಎಚ್ಚರಿಕೆಯೂ ಇರಲಿ.

ನನ್ನ ಭಾವನ ಮಗ ಹೊಸ ಹಿಡಿಗೆಂದು ತರಿಸಿದ್ದ ವಾಲ್‌ನಟ್ ಹಲಗೆ ಅಟ್ಟದಲ್ಲಿದೆ. ಮುಂದಿನ ವರ್ಷದವರೆಗೆ ಕಾಯಲು ಅವನು ಒಪ್ಪಿದ್ದಾನೆ, ಅಷ್ಟರೊಳಗೆ ಕತ್ತು ಜೋಡಿಸಲು ತಿಳಿದವರು ಸಿಗದಿದ್ದರೆ ಮತ್ತೆ ಮಾತಾಡೋಣ ಎಂದಿದ್ದಾನೆ. ಈ ಸಲದ ಕೈಲ್ ಮುಹೂರ್ತಕ್ಕೆ ಕೋವಿಯನ್ನು ಗೋಡೆಗೆ ಒರಗಿಸದೆ, ಚಾಪೆಯ ಮೇಲೆ ಕತ್ತಿನ ಕೆಳಗೆ ಮೆತ್ತನೆಯ ಬಟ್ಟೆ ಇಟ್ಟು ಮಲಗಿಸುವುದೆಂದು ತೀರ್ಮಾನವಾಗಿದೆ. ಗಂಧವನ್ನು ಕಬ್ಬಿಣಕ್ಕೆ ಹಚ್ಚದೆ ಮರದ ಮೇಲೆ ಒಂದು ಬೊಟ್ಟು ಮಾತ್ರ ಇಡುತ್ತೇವೆ. ನಳಿಗೆಯ ಬಾಯಿಗೆ ಎಂದಿನಂತೆ ತೋಕ್ ಪೂ ಸಿಕ್ಕಿಸಿ, ಪೂಜೆ ಮುಗಿದ ಕೂಡಲೇ ಹೂವನ್ನು ತೆಗೆದು ಒರೆಸಿಡುವ ಜವಾಬ್ದಾರಿಯನ್ನು ಭಾವನವರು ಅವನಿಗೇ ವಹಿಸಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಮಡಿಕೇರಿ ತಾಲ್ಲೂಕು, ಕೊಡಗು